ಶೈತ್ಯಯಂತ್ರವನ್ನು ಲಾರಿಗೇರಿಸಿದ ಫ್ರೆಡರಿಕ್ ಜೋನ್ಸ್

ಕಳೆದ ವರ್ಷ ಶಾಲೆ ತೆರೆದ ಎರಡನೆಯ ವಾರದಲ್ಲಿ ಒಂಬತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬನ ತಂದೆಯವರು ನಮ್ಮ ಕೊಠಡಿಗೆ ಬಂದು, ಮಗನ ಹೆಸರನ್ನು ಹಾಜರಿ ಪುಸ್ತಕದಿಂದ ತೆಗೆದು ಟಿ.ಸಿ. ಕೊಡಬೇಕೆಂದು ಕೇಳಿಕೊಂಡರು. ಪೇಟೆಯ ಗ್ಯಾರೇಜೊಂದರಲ್ಲಿ ಹುಡುಗನಿಗೆ ಕೆಲಸ ಕಲಿಸುವುದಾಗಿ ಯಾರೋ ಮಾತು ಕೊಟ್ಟಿದ್ದರಂತೆ. "ಮಾಷ್ಟ್ರೇ, ಇವನಿಗೆ ಪುಸ್ತಕ ತಲೆಗೆ ಹೋಗುವುದಿಲ್ಲ. ಸ್ಪ್ಯಾನರು ಕೊಟ್ಟರೆ ಮಾತ್ರ ಕೈ ನಿಲ್ಲುವುದಿಲ್ಲ. ದೊಡ್ಡ ದೊಡ್ಡ ಯಂತ್ರ ಮಾಡಿದವರೆಲ್ಲ ಶಾಲೆಗೆ ಹೋಗಿಯೇ ಮಾಡಿದ್ದಾ?" ಎಂದು ಅವರು ಕೇಳಿದರು. ಹುಡುಗನು ಬಾಗಿಲ ಬಳಿ ತಲೆತಗ್ಗಿಸಿ ನಿಂತಿದ್ದನು.

ಆ ಪ್ರಶ್ನೆಗೆ ನಮ್ಮಿಂದ ಕೂಡಲೇ ಉತ್ತರ ಹೊರಡಲಿಲ್ಲ. ಶಾಲೆಗೆ ಹೋಗದೆ ಯಾರೂ ಏನನ್ನೂ ಸಾಧಿಸಿಲ್ಲವೆಂದು ಗದರಿಸಿ ಕಳುಹಿಸುವುದು ಸುಲಭವಾಗಿದ್ದಿತು. ಆದರೆ ಅದು ಸತ್ಯವಲ್ಲವೆಂಬುದು ನಮಗೆ ಗೊತ್ತಿದ್ದಿತು. ಹನ್ನೊಂದನೆಯ ವಯಸ್ಸಿಗೆ ಶಾಲೆ ಬಿಟ್ಟು, ಗ್ಯಾರೇಜಿನ ನೆಲ ಗುಡಿಸುತ್ತ ಬೆಳೆದು, ಜೀವಮಾನದಲ್ಲಿ ಅರುವತ್ತಕ್ಕೂ ಮೇಲ್ಪಟ್ಟು ಪೇಟೆಂಟುಗಳನ್ನು ಪಡೆದ ಒಬ್ಬ ಮಹನೀಯರ ಚರಿತ್ರೆಯನ್ನು ನಾವು ಓದಿದ್ದೆವು. ಅವರೇ ಅಮೆರಿಕದ ಫ್ರೆಡರಿಕ್ ಮೆಕಿನ್ಲಿ ಜೋನ್ಸ್. ಅವರ ಜೀವನವು ಆ ತಂದೆಯವರ ಪಕ್ಷವನ್ನು ವಹಿಸುವುದೋ ನಮ್ಮ ಪಕ್ಷವನ್ನು ವಹಿಸುವುದೋ ಎಂಬುದನ್ನು ಓದುಗರೇ ತೂಗಿ ನೋಡಲೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ಜೋನ್ಸರು 1893ನೆಯ ಮೇ 17ರಂದು, ಓಹಾಯೋ ನದಿಯ ಇಕ್ಕೆಲಗಳಲ್ಲಿ ಎದುರುಬದುರಾಗಿರುವ ಸಿನ್ಸಿನಾಟಿ ಮತ್ತು ಕವಿಂಗ್ಟನ್ ಪಟ್ಟಣಗಳ ಸೀಮೆಯಲ್ಲಿ ಜನಿಸಿದರು. ತಾಯಿ ಆಫ್ರಿಕನ್ ಮೂಲದ ಕರಿಯ ಜನಾಂಗಕ್ಕೆ ಸೇರಿದವಳು; ತಂದೆ ರೈಲ್ವೆಯಲ್ಲಿ ದುಡಿಯುತ್ತಿದ್ದ ಐರಿಷ್ ಮೂಲದ ಬಿಳಿಯನು. ಮಗುವಿಗೆ ತಾಯಿಯ ಆಸರೆ ಎಳವೆಯಲ್ಲಿಯೇ ತಪ್ಪಿತು. ಒಬ್ಬನೇ ಸಾಕಲಾರದ ತಂದೆಯು ಏಳೆಂಟು ವರ್ಷದ ಬಾಲಕನನ್ನು ಸಿನ್ಸಿನಾಟಿಯ ಎಡ್ವರ್ಡ್ ರಯಾನ್ ಎಂಬ ಕ್ಯಾಥೊಲಿಕ್ ಪಾದ್ರಿಗಳ ವಶಕ್ಕೆ ಒಪ್ಪಿಸಿದನು. ಅಲ್ಲಿ ಹುಡುಗನಿಗೆ ಊಟ, ವಸತಿ, ಸ್ವಲ್ಪ ಶಾಲೆ ದೊರೆತವು. ಪ್ರತಿಯಾಗಿ ಅಂಗಳ ಗುಡಿಸುವುದು, ಹುಲ್ಲು ಕತ್ತರಿಸುವುದು, ಅಡುಗೆಮನೆಯಲ್ಲಿ ನೆರವಾಗುವುದು ಅವನ ಕರ್ತವ್ಯಗಳಾಗಿದ್ದುವು. ಓದು ಆರನೆಯ ತರಗತಿಗೆ ನಿಂತಿತು. ಹನ್ನೊಂದನೆಯ ವಯಸ್ಸಿನಲ್ಲಿ ಅವನು ಅಲ್ಲಿಂದ ಹೊರಟು ಪಟ್ಟಣದ ಮೋಟಾರು ಗ್ಯಾರೇಜೊಂದರಲ್ಲಿ ಗುಡಿಸುವ ಕೆಲಸಕ್ಕೆ ಸೇರಿದನು.

ಇಲ್ಲಿ ಪೋಷಕರು ಒಂದು ಅಂಶವನ್ನು ಗಮನಿಸಬೇಕೆಂದು ಕೋರುತ್ತೇವೆ. ಈ ಬಾಲಕನನ್ನು ಯಾರೂ ಆಲೋಚಿಸಿ ಶಾಲೆಯಿಂದ ಬಿಡಿಸಲಿಲ್ಲ. ಅವನ ಪರವಾಗಿ ಆಲೋಚಿಸುವವರೇ ಯಾರೂ ಇರಲಿಲ್ಲ.

ಮೋಟಾರು ಗಾಡಿಗಳು ಆಗ ಹೊಸತು. ಅವುಗಳನ್ನು ಬಲ್ಲವರು ವಿರಳ. ಗುಡಿಸುವ ಹುಡುಗನು ಕೆಲಸಗಾರರ ಪಕ್ಕದಲ್ಲಿ ನಿಂತು ನೋಡಿದನು. ನೋಡಿದ್ದನ್ನು ಮನಸ್ಸಿನಲ್ಲಿ ಬಿಚ್ಚಿ ಮತ್ತೆ ಜೋಡಿಸಿದನು. ಕೈಗೆ ಸಿಕ್ಕಿದ ಪುಸ್ತಕಗಳನ್ನು ರಾತ್ರಿ ಓದಿದನು. ಮೂರು ವರ್ಷಗಳಲ್ಲಿ ಯಂತ್ರಕಾರನಾದನು. ಮೀಸೆ ಮೂಡುವ ಮೊದಲೇ ಆ ಗ್ಯಾರೇಜಿನ ಮೇಸ್ತ್ರಿಯಾದನು. ಓಟದ ಸ್ಪರ್ಧೆಗೆ ಬೇಕಾದ ಮೋಟಾರುಗಳನ್ನು ಕಟ್ಟುವುದರಲ್ಲಿ ಅವನಿಗೆ ವಿಶೇಷ ಆಸಕ್ತಿಯಿದ್ದಿತು. ಓಟದ ಗಾಡಿಯು ಹಗುರವಾಗಿರಬೇಕು, ಆದರೆ ಎಂಥ ಕುಲುಕಾಟಕ್ಕೂ ಕಳಚಬಾರದು. ಈ ಪಾಠವು ಮುಂದೆ ಒದಗಿದ ಬಗೆಯನ್ನು ಓದುಗರು ಕಾಣುವರು.

1912ರ ಕ್ರಿಸ್‌ಮಸ್ ಹಬ್ಬದ ದಿನ ಹತ್ತೊಂಬತ್ತು ವರ್ಷದ ಜೋನ್ಸರು ಮಿನೆಸೋಟ ಸಂಸ್ಥಾನದ ಹ್ಯಾಲಕ್ ಎಂಬ ಊರಿಗೆ ಬಂದಿಳಿದರು. ಇದು ಕೆನಡಾ ದೇಶದ ಗಡಿಗೆ ಹತ್ತಿರದ ಪುಟ್ಟ ಊರು. ಚಳಿಗಾಲದಲ್ಲಿ ನೆಲವೆಲ್ಲ ಹಿಮದಡಿ ಹುದುಗುವ ಪ್ರದೇಶ. ರೈಲುಮಾರ್ಗಗಳಿಂದ ಹೆಸರಾದ ಜೇಮ್ಸ್ ಹಿಲ್ ಅವರ ಮನೆತನಕ್ಕೆ ಸೇರಿದ ವಿಶಾಲವಾದ ಬೇಸಾಯದ ಭೂಮಿ ಅಲ್ಲಿದ್ದಿತು. ಅಲ್ಲಿನ ಟ್ರಾಕ್ಟರು, ಉಗಿಯಂತ್ರ, ಒಕ್ಕಣೆಯ ಯಂತ್ರಗಳೆಲ್ಲವನ್ನೂ ಸುಸ್ಥಿತಿಯಲ್ಲಿಡುವ ಕೆಲಸ ಜೋನ್ಸರದಾಯಿತು. ಕರಿಯ ಜನರು ಬಹಳ ವಿರಳವಾಗಿದ್ದ ಆ ಊರು ಅವರನ್ನು ತನ್ನವನೆಂದು ಸ್ವೀಕರಿಸಿತು. ಸುಮಾರು ಹದಿನೆಂಟು ವರ್ಷಗಳ ಕಾಲ ಹ್ಯಾಲಕ್ ಅವರ ನೆಲೆಯಾಯಿತು. ನಡುವೆ ಮೊದಲನೆಯ ಮಹಾಯುದ್ಧಕ್ಕಾಗಿ 1918ರಲ್ಲಿ ಸೈನ್ಯಕ್ಕೆ ಸೇರಿ ಫ್ರಾನ್ಸಿಗೆ ಹೋಗಿದ್ದು ಮಾತ್ರ ಬೇರೆ. ಅಲ್ಲಿಯೂ ಅವರು ತಮ್ಮ ಶಿಬಿರಕ್ಕೆ ವಿದ್ಯುದ್ದೀಪ, ಟೆಲಿಫೋನುಗಳ ತಂತಿ ಎಳೆದು ಸಾರ್ಜೆಂಟ್ ಪದವಿಗೇರಿದರು.

ಊರಿನ ವೈದ್ಯರೊಬ್ಬರು, ಕ್ಷ-ಕಿರಣದ ಪರೀಕ್ಷೆಗೆ ರೋಗಿಗಳನ್ನು ಹಿಮದಲ್ಲಿ ಹೊತ್ತು ತರಬೇಕಾಗುತ್ತದೆಂದು ಸಂಕಟಪಟ್ಟರು. ಜೋನ್ಸರು ರೋಗಿಯಿದ್ದಲ್ಲಿಗೇ ಒಯ್ಯಬಹುದಾದ ಕ್ಷ-ಕಿರಣ ಯಂತ್ರವನ್ನು ರಚಿಸಿಕೊಟ್ಟರು. ಊರಿಗೊಂದು ಬಾನುಲಿ ಪ್ರಸಾರಯಂತ್ರವನ್ನು ಕಟ್ಟಿದರು. ಮೂಕಚಿತ್ರಗಳು ಹೋಗಿ ವಾಕ್ಚಿತ್ರಗಳು ಬಂದಾಗ, ಹೊಸ ಯಂತ್ರ ಕೊಳ್ಳಲಾರದ ಊರ ಚಿತ್ರಮಂದಿರದವರಿಗೆ ಗುಜರಿ ಸಾಮಾನುಗಳಿಂದಲೇ ಧ್ವನಿಯಂತ್ರವನ್ನು ಮಾಡಿಕೊಟ್ಟರು. ಇವುಗಳಲ್ಲಿ ಬಹುಪಾಲಿಗೆ ಅವರು ಪೇಟೆಂಟು ಪಡೆಯಲು ಯೋಚಿಸಲೇ ಇಲ್ಲ. ಉಪಜ್ಞೆ ಮಾಡಿದವನು ಸರಕಾರದಲ್ಲಿ ಅದನ್ನು ದಾಖಲು ಮಾಡಿಸಿಕೊಂಡರೆ, ನಿಗದಿಯಾದ ಕಾಲದವರೆಗೆ ಬೇರೆಯವರು ಅವನ ಅನುಮತಿಯಿಲ್ಲದೆ ಅದನ್ನು ಮಾಡಿ ಮಾರುವಂತಿಲ್ಲ. ಈ ಹಕ್ಕಿಗೆ ಪೇಟೆಂಟು ಎಂದು ಹೆಸರು. ಅಂಥದೇ ಯಂತ್ರಗಳನ್ನು ಮಾಡಿದ ಬೇರೆಯವರು ಹಣವಂತರಾದುದನ್ನು ಜೋನ್ಸರು ಕೈಕಟ್ಟಿ ನೋಡಬೇಕಾಯಿತು. ಕೈಯ ಕೌಶಲ ಒಂದು. ಆ ಕೌಶಲದ ಫಲವನ್ನು ಕಾಯ್ದುಕೊಳ್ಳಲು ಬೇಕಾದ ಅಕ್ಷರಜ್ಞಾನ, ಕಾನೂನಿನ ತಿಳಿವಳಿಕೆ ಮತ್ತೊಂದು. ಎರಡನೆಯದನ್ನು ಅವರು ನಷ್ಟ ತೆತ್ತು ಕಲಿತರು.

ಚಿತ್ರಮಂದಿರದ ಧ್ವನಿಯಂತ್ರದ ಸುದ್ದಿ ಮಿನಿಯಾಪೊಲಿಸ್ ನಗರಕ್ಕೆ ಮುಟ್ಟಿತು. ಅಲ್ಲಿ ಚಿತ್ರಮಂದಿರಗಳಿಗೆ ಉಪಕರಣಗಳನ್ನು ಒದಗಿಸುತ್ತಿದ್ದ ಜೋಸೆಫ್ ನ್ಯೂಮೆರೊ ಎಂಬ ವ್ಯಾಪಾರಿಯು 1930ರ ಸುಮಾರಿಗೆ ಜೋನ್ಸರನ್ನು ಕರೆಸಿ ಕೆಲಸಕ್ಕಿಟ್ಟುಕೊಂಡನು. ಟಿಕೇಟನ್ನೂ ಚಿಲ್ಲರೆಯನ್ನೂ ತಾನೇ ಕೊಡುವ ಯಂತ್ರವೊಂದನ್ನು ಜೋನ್ಸರು ಅಲ್ಲಿ ರಚಿಸಿದರು. ಅದಕ್ಕೆ 1939ರ ಜೂನಿನಲ್ಲಿ ಪೇಟೆಂಟು ದೊರೆಯಿತು. ಈ ಬಾರಿ ಅವರು ಮರೆಯಲಿಲ್ಲ.

ಇನ್ನು ನಮ್ಮ ಮುಖ್ಯ ವಿಷಯಕ್ಕೆ ಬರೋಣ. ಅದಕ್ಕೆ ಮುನ್ನ ಶೈತ್ಯವೆಂದರೇನೆಂಬುದನ್ನು ವಿದ್ಯಾರ್ಥಿಗಳು ಸ್ವಲ್ಪ ತಿಳಿದಿರುವುದು ಒಳ್ಳೆಯದು.

ಶೈತ್ಯವು ಒಂದು ಪದಾರ್ಥವಲ್ಲ. ಉಷ್ಣದ ಕೊರತೆಗೇ ನಾವು ಶೈತ್ಯವೆನ್ನುತ್ತೇವೆ. ಆದುದರಿಂದ ಒಂದು ಪೆಟ್ಟಿಗೆಯನ್ನು ತಂಪುಮಾಡುವುದೆಂದರೆ ಅದರೊಳಗೆ ತಂಪನ್ನು ತುಂಬುವುದಲ್ಲ, ಒಳಗಿರುವ ಉಷ್ಣವನ್ನು ಹೊತ್ತು ಹೊರಗೆ ಹಾಕುವುದು. ಚುಚ್ಚುಮದ್ದು ಕೊಡುವ ಮುನ್ನ ದಾದಿಯು ತೋಳಿಗೆ ಸ್ಪಿರಿಟ್ ಸವರಿದಾಗ ತಣ್ಣಗಾಗುವುದಲ್ಲವೆ? ಸ್ಪಿರಿಟ್ಟು ಆವಿಯಾಗುತ್ತ ನಮ್ಮ ಚರ್ಮದಿಂದ ಉಷ್ಣವನ್ನು ಸೆಳೆದುಕೊಳ್ಳುತ್ತದೆ. ಮಣ್ಣಿನ ಹೂಜಿಯ ನೀರು ವೈಶಾಖದಲ್ಲಿಯೂ ತಂಪಾಗಿರುವುದು ಇದೇ ಕಾರಣದಿಂದ; ಹೊರಮೈಗೆ ಜಿನುಗಿದ ನೀರು ಆರುತ್ತ ಒಳಗಿನ ಉಷ್ಣವನ್ನು ಒಯ್ಯುತ್ತದೆ. ಒಂದು ಗ್ರಾಂ ಮಂಜುಗಡ್ಡೆ ಕರಗಲು 80 ಕ್ಯಾಲೊರಿ ಉಷ್ಣ ಬೇಕು. ಕುದಿಯುವ ಒಂದು ಗ್ರಾಂ ನೀರು ಆವಿಯಾಗಲು 540 ಕ್ಯಾಲೊರಿ. ದ್ರವವು ಆವಿಯಾಗುವಾಗ ಎಷ್ಟು ಉಷ್ಣವನ್ನು ನುಂಗುವುದೆಂಬುದು ಇದರಿಂದ ಸ್ಪಷ್ಟವಾಗುವುದು. ಪುಸ್ತಕಗಳಲ್ಲಿ ಇದಕ್ಕೆ ಗುಪ್ತೋಷ್ಣವೆಂದು ಹೆಸರು.

ಶೈತ್ಯಯಂತ್ರವು ಈ ತತ್ತ್ವವನ್ನೇ ಚಕ್ರದಂತೆ ಸುತ್ತಿಸುತ್ತದೆ. ಸುಲಭವಾಗಿ ಆವಿಯಾಗುವ ದ್ರವವೊಂದನ್ನು ಕೊಳವೆಗಳಲ್ಲಿ ಮುಚ್ಚಿಟ್ಟಿರುತ್ತಾರೆ. ಪೆಟ್ಟಿಗೆಯ ಒಳಗಿನ ಕೊಳವೆಯಲ್ಲಿ ಅದು ಆವಿಯಾಗಿ, ಸುತ್ತಣ ಗಾಳಿಯ ಉಷ್ಣವನ್ನು ಹೀರಿಕೊಳ್ಳುತ್ತದೆ. ಆ ಆವಿಯನ್ನು ಕಂಪ್ರೆಸರು ಎಂಬ ಯಂತ್ರವು ಸೆಳೆದು ಬಲವಾಗಿ ಒತ್ತುತ್ತದೆ. ಒತ್ತಿದ ಆವಿ ಬಿಸಿಯೇರುತ್ತದೆ; ಸೈಕಲ್ಲಿಗೆ ಗಾಳಿ ಹಾಕುವಾಗ ಪಂಪಿನ ತುದಿ ಬಿಸಿಯಾಗುವುದನ್ನು ಮಕ್ಕಳೆಲ್ಲರೂ ಬಲ್ಲರು. ಈ ಬಿಸಿ ಆವಿಯು ಹೊರಗಿನ ಕೊಳವೆಗಳಲ್ಲಿ ಹರಿದು, ತನ್ನ ಉಷ್ಣವನ್ನು ಹೊರಗಾಳಿಗೆ ಬಿಟ್ಟುಕೊಟ್ಟು, ಮತ್ತೆ ದ್ರವವಾಗುತ್ತದೆ. ಅನಂತರ ಒಂದು ಕಿರಿದಾದ ದ್ವಾರದ ಮೂಲಕ ಒತ್ತಡ ಕಳೆದುಕೊಂಡು ಒಳಗೆ ನುಗ್ಗಿ ಪುನಃ ಆವಿಯಾಗುತ್ತದೆ. ಉಷ್ಣವನ್ನು ಒಳಗಿನಿಂದ ತುಂಬಿಕೊಂಡು ಹೊರಗೆ ಸುರಿದು ಬರುವ ಈ ದ್ರವವು ಬಾವಿಯ ಏತದಂತೆ ಕೆಲಸ ಮಾಡುವುದೆನ್ನಬಹುದು.

ಇಷ್ಟು ಜ್ಞಾನವು ಜೋನ್ಸರಿಗಿಂತ ಬಹಳ ಹಿಂದೆಯೇ ಲೋಕಕ್ಕೆ ಇದ್ದಿತು. ಹತ್ತೊಂಬತ್ತನೆಯ ಶತಮಾನದಲ್ಲಿಯೇ ಇಂಥ ಯಂತ್ರಗಳು ಮಂಜುಗಡ್ಡೆಯ ಕಾರ್ಖಾನೆಗಳಲ್ಲಿ, ಮಾಂಸದ ಉಗ್ರಾಣಗಳಲ್ಲಿ, ಹಡಗುಗಳಲ್ಲಿ ದುಡಿಯುತ್ತಿದ್ದುವು. ಅವು ದೊಡ್ಡವು, ಭಾರವಾದವು, ಒಂದೆಡೆ ಭದ್ರವಾಗಿ ಕೂರಿಸಿದವು. ರಸ್ತೆಯ ಮೇಲೆ ಓಡುವ ಲಾರಿಯ ಪಾಡೇನು? ಅಲ್ಲಿ ಹಳೆಯ ಉಪಾಯವೇ ಗತಿಯಾಗಿದ್ದಿತು: ಮಂಜುಗಡ್ಡೆ, ಅದಕ್ಕಿಷ್ಟು ಉಪ್ಪು.

ಮಂಜುಗಡ್ಡೆಯ ವ್ಯಾಪಾರವನ್ನು ನಾವು ಹೀಗಳೆಯುವುದಿಲ್ಲ. 1833ರಲ್ಲಿ ಫ್ರೆಡರಿಕ್ ಟ್ಯೂಡರ್ ಎಂಬ ಬಾಸ್ಟನ್ನಿನ ವರ್ತಕನು ಕೆರೆಗಳಲ್ಲಿ ಹೆಪ್ಪುಗಟ್ಟಿದ ನೀರನ್ನು ಕೊಯ್ಯಿಸಿ, ಸುಮಾರು 180 ಟನ್ನುಗಳಷ್ಟನ್ನು ಹಡಗಿಗೆ ತುಂಬಿ ಕಲ್ಕತ್ತೆಗೆ ಕಳುಹಿಸಿದನು. ಮರದ ಪುಡಿಯಂಥ ವಸ್ತುಗಳ ಹೊದಿಕೆಯೊಳಗೆ ನಾಲ್ಕು ತಿಂಗಳು ಪಯಣ ಮಾಡಿ ಸುಮಾರು 100 ಟನ್ನು ಕರಗದೆ ಉಳಿದು ಬಂದಿತು! ಮದರಾಸಿನ ಕಡಲತಡಿಯಲ್ಲಿರುವ 'ಐಸ್ ಹೌಸ್' ಆ ವ್ಯಾಪಾರಕ್ಕಾಗಿಯೇ ಕಟ್ಟಿದ್ದು. ವಿದೇಶದಿಂದ ಮರಳಿದ ವಿವೇಕಾನಂದರು 1897ರಲ್ಲಿ ತಂಗಿದ್ದುದು ಅದೇ ಕಟ್ಟಡದಲ್ಲಿ. ಆದರೆ ಲಾರಿಯ ಸಂಗತಿ ಬೇರೆ. ಅದರಲ್ಲಿ ತುಂಬಿದ ಮಂಜುಗಡ್ಡೆಯ ತೂಕವು ಸರಕಿನ ತೂಕವನ್ನು ಕಡಿಮೆ ಮಾಡುತ್ತದೆ. ದಾರಿಯಲ್ಲಿ ಟಯರು ಒಡೆದು ನಾಲ್ಕು ತಾಸು ನಿಂತರೆ, ಅಥವಾ ಮುಂದಿನ ಊರಿನಲ್ಲಿ ಮಂಜುಗಡ್ಡೆ ಸಿಕ್ಕದಿದ್ದರೆ, ಒಳಗಿನ ಸರಕೆಲ್ಲ ಕೊಳೆಯುತ್ತದೆ. ಕರಗಿದ ಉಪ್ಪುನೀರು ಲಾರಿಯ ಕಬ್ಬಿಣವನ್ನು ತಿನ್ನುತ್ತದೆ. ನಮ್ಮ ಕಡಲತೀರದಿಂದ ಮೀನು ಹೊತ್ತು ಹೊರಟ ಲಾರಿಗಳು ರಸ್ತೆಯುದ್ದಕ್ಕೂ ನೀರು ಸುರಿಸುತ್ತ ಹೋಗುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

1938ರ ಸುಮಾರಿನ ಬೇಸಗೆಯಲ್ಲಿ ನ್ಯೂಮೆರೊ ಮಿತ್ರರೊಡನೆ ಗಾಲ್ಫ್ ಆಡುತ್ತಿದ್ದನು. ಅವರಲ್ಲೊಬ್ಬನಾದ ಹ್ಯಾರಿ ವರ್ನರ್ ಎಂಬ ಲಾರಿಗಳ ಒಡೆಯನು ಒಂದು ಲಾರಿ ಕೋಳಿಮಾಂಸವೆಲ್ಲ ಸೆಖೆಗೆ ಕೆಟ್ಟುಹೋದ ವ್ಯಥೆಯನ್ನು ಹೇಳಿಕೊಂಡನು. ನ್ಯೂಮೆರೊ ತಮಾಷೆಗೆಂದು, ಅದನ್ನು ತಡೆಯುವ ಯಂತ್ರವನ್ನು ತಾನು ಮಾಡಿಸಿಕೊಡುವೆನೆಂದುಬಿಟ್ಟನು. ವರ್ನರನು ಅದನ್ನು ತಮಾಷೆಯೆಂದು ಎಣಿಸದೆ ಕೆಲವೇ ದಿನಗಳಲ್ಲಿ ಲಾರಿಯೊಂದನ್ನು ನ್ಯೂಮೆರೊನ ಬಾಗಿಲಿಗೆ ಕಳುಹಿಸಿಕೊಟ್ಟನು! ಜೋನ್ಸರು ಆ ಲಾರಿಯನ್ನು ಹತ್ತಿ, ಉದ್ದಗಲಗಳನ್ನು ಅಳೆದು, ಕಾಗದದ ಮೇಲೆ ಲೆಕ್ಕ ಹಾಕಿ, ಇದು ತನ್ನಿಂದ ಸಾಧ್ಯವೆಂದು ತಿಳಿಸಿದರು. ಈ ವಿಷಯ ಅವರ ತಲೆಯಲ್ಲಿ ಮೊದಲೇ ಸುಳಿದಾಡುತ್ತಿದ್ದಿತೆಂದು ಹೇಳುವುದುಂಟು. ಒಂದು ಸೆಖೆಯ ರಾತ್ರಿ ಕೆರೆಯ ದಂಡೆಯಲ್ಲಿ ಮೋಟಾರಿನೊಳಗೆ ಮಲಗಲೆತ್ನಿಸಿ, ಕಿಟಕಿ ತೆರೆದರೆ ಸೊಳ್ಳೆ, ಮುಚ್ಚಿದರೆ ಬೆವರು ಎಂಬ ಸಂಕಟದಲ್ಲಿ, ಓಡುವ ಗಾಡಿಯನ್ನು ತಂಪುಮಾಡುವ ಯಂತ್ರದ ಬಗ್ಗೆ ಅವರು ಆಲೋಚಿಸಿದ್ದರಂತೆ.

ಅವರಿಗಿಂತ ಮುಂಚೆ ಈ ಪ್ರಯತ್ನ ಮಾಡಿದವರು ಇದ್ದರು. ಅವರ ಯಂತ್ರಗಳು ಸರಕಿನ ಜಾಗವನ್ನೇ ಕಬಳಿಸುತ್ತಿದ್ದುವು. ರಸ್ತೆಯ ಕುಲುಕಾಟಕ್ಕೆ ಕೆಟ್ಟುಹೋಗುತ್ತಿದ್ದುವು. ಕೊಳವೆಯ ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಒಳಗಿನ ಆವಿ ಸೋರಿಹೋಗಿ ಯಂತ್ರವು ನಿಷ್ಪ್ರಯೋಜಕವಾಗುತ್ತದೆ. ಹೀಗೆ ಪ್ರಶ್ನೆಯು ತಂಪು ಮಾಡುವುದಾಗಿರಲಿಲ್ಲ. ನೂರಾರು ಮೈಲಿ ಕುಲುಕಿದರೂ ತಂಪು ಮಾಡುತ್ತಲೇ ಇರುವುದಾಗಿದ್ದಿತು. ಶೈತ್ಯಶಾಸ್ತ್ರವನ್ನು ಮಾತ್ರ ಓದಿದವನಿಗೆ ಕುಲುಕಾಟ ತಿಳಿಯದು. ಗಾಡಿಯನ್ನು ಮಾತ್ರ ಬಲ್ಲವನಿಗೆ ಶೈತ್ಯ ತಿಳಿಯದು. ಓಟದ ಗಾಡಿಗಳನ್ನು ಕಟ್ಟಿ ಓಡಿಸಿದ್ದ, ರಾತ್ರಿಯೆಲ್ಲ ಪುಸ್ತಕ ಓದುತ್ತಿದ್ದ ಜೋನ್ಸರಿಗೆ ಎರಡೂ ತಿಳಿದಿದ್ದುವು.

ಅವರ ಮೊದಲ ಯಂತ್ರವನ್ನು ಲಾರಿಯ ತಳಭಾಗಕ್ಕೆ ತೂಗುಹಾಕಿದರು. ಅದು ಕೆಲಸವನ್ನೇನೋ ಮಾಡಿತು. ಆದರೆ ಬಹಳ ಭಾರವಾಗಿದ್ದಿತು, ಮತ್ತು ಚಕ್ರಗಳು ಎರಚಿದ ಕೆಸರು ದೂಳು ಅದರೊಳಗೆ ಸೇರಿ ತೊಂದರೆಯಾಯಿತು. ಸೋತೆವೆಂದು ಕೈಚೆಲ್ಲದೆ ಅವರು ಯಂತ್ರವನ್ನು ಮತ್ತೆ ಮತ್ತೆ ಕಿರಿದುಗೊಳಿಸಿ, ಹಗುರಗೊಳಿಸಿ, ಕೊನೆಗೆ ಅದನ್ನು ಲಾರಿಯ ಪೆಟ್ಟಿಗೆಯ ಮುಂಗೋಡೆಯ ಮೇಲ್ಭಾಗಕ್ಕೆ ಏರಿಸಿದರು. ಅಲ್ಲಿ ಕೆಸರು ಮುಟ್ಟುವುದಿಲ್ಲ. ಓಟದ ಗಾಳಿ ತಾನಾಗಿ ಬೀಸುತ್ತದೆ. ತಂಪಾದ ಗಾಳಿಯು ಭಾರವಾದುದರಿಂದ ಮೇಲಿನಿಂದ ಸರಕಿನ ಮೇಲೆ ಇಳಿಯುತ್ತದೆ. ಇಂದಿಗೂ ಹೆದ್ದಾರಿಯಲ್ಲಿ ಹೋಗುವ ಶೀತಲ ಲಾರಿಗಳನ್ನು ಗಮನಿಸಿರಿ: ಚಾಲಕನ ಕೋಣೆಯ ಮೇಲ್ಗಡೆ, ಪೆಟ್ಟಿಗೆಯ ನೆತ್ತಿಯ ಬಳಿ ಉಬ್ಬಿಕೊಂಡಿರುವ ಯಂತ್ರವೊಂದು ಕಾಣುವುದು. ಆ ಸ್ಥಾನವು ಜೋನ್ಸರ ಕೆಲಸದಿಂದ ರೂಢಿಗೆ ಬಂದುದು.

ಅದಕ್ಕೆ ಲಾರಿಯ ಎಂಜಿನ್ನಿನ ಹಂಗು ಇರಲಿಲ್ಲ. ತನ್ನದೇ ಆದ ಪುಟ್ಟ ಪೆಟ್ರೋಲ್ ಎಂಜಿನ್ನು ಇದ್ದಿತು. ಲಾರಿ ನಿಂತರೂ ತಂಪು ನಿಲ್ಲಬಾರದಷ್ಟೆ? ಆದರೆ ಒಳಗೆ ಸಾಕಷ್ಟು ತಂಪಾದ ಮೇಲೆಯೂ ಎಂಜಿನ್ನು ಓಡುತ್ತಿದ್ದರೆ ಪೆಟ್ರೋಲು ವ್ಯರ್ಥ, ಹಣ್ಣು ತರಕಾರಿಗಳು ಹೆಪ್ಪುಗಟ್ಟಿ ಹಾಳು. ಚಾಲಕನು ರಸ್ತೆಯನ್ನು ನೋಡಬೇಕೇ ಹೊರತು ಇದನ್ನು ನೋಡುತ್ತ ಕೂರಲಾರನು. ಆದುದರಿಂದ ಒಳಗಿನ ಉಷ್ಣತೆಗೆ ತಕ್ಕಂತೆ ಎಂಜಿನ್ನು ತಾನೇ ಹೊರಟು ತಾನೇ ನಿಲ್ಲುವ ಏರ್ಪಾಟನ್ನು ಜೋನ್ಸರು ಕಲ್ಪಿಸಿದರು. ಎಂಜಿನ್ನನ್ನು ತಾನಾಗಿ ನಿಲ್ಲಿಸಿ ಹೊರಡಿಸುವ ಸಾಧನಕ್ಕೆ 1943ರ ಡಿಸೆಂಬರಿನಲ್ಲಿ ಪೇಟೆಂಟು ದೊರೆಯಿತು. ಎಂಜಿನ್ನು ಹೊರಡುವಾಗ ಅದನ್ನು ತಿರುಗಿಸುವ ಮೋಟಾರಾಗಿಯೂ, ಹೊರಟ ಮೇಲೆ ವಿದ್ಯುತ್ತನ್ನು ಉತ್ಪಾದಿಸುವ ಡೈನಮೊ ಆಗಿಯೂ ಒಂದೇ ಯಂತ್ರವು ಕೆಲಸ ಮಾಡುವಂತೆ ರಚಿಸಿ 1949ರಲ್ಲಿ ಮತ್ತೊಂದು ಪೇಟೆಂಟು ಪಡೆದರು. ಎರಡರ ಕೆಲಸ ಒಂದರಿಂದಾದರೆ ತೂಕ ಅಷ್ಟು ಇಳಿಯಿತಲ್ಲವೆ!

ತೊಡಕುಗಳು ಒಂದರ ಬೆನ್ನಿಗೊಂದು ಬಂದುವು. ಗಾಳಿಯ ತೇವವು ತಣ್ಣನೆಯ ಕೊಳವೆಗಳ ಮೇಲೆ ಹಿಮವಾಗಿ ಹೆಪ್ಪುಗಟ್ಟುತ್ತದೆ. ಹಿಮ ದಪ್ಪವಾದಷ್ಟೂ ಗಾಳಿಗೆ ದಾರಿ ಮುಚ್ಚಿ ಯಂತ್ರದ ಬಲ ಕುಗ್ಗುತ್ತದೆ. ಆ ಹಿಮವನ್ನು ಕರಗಿಸುವ ವಿಧಾನಕ್ಕೆ 1954ರಲ್ಲಿ ಪೇಟೆಂಟಾಯಿತು. ಇನ್ನೊಂದು ವಿಚಿತ್ರ ನೋಡಿ: ಮಿನೆಸೋಟದ ಚಳಿಗಾಲದಲ್ಲಿ ಹೊರಗಿನ ಉಷ್ಣತೆಯು ನೀರು ಹೆಪ್ಪುಗಟ್ಟುವ ಮಟ್ಟಕ್ಕಿಂತ ಬಹಳ ಕೆಳಗಿಳಿಯುವುದರಿಂದ, ಅಲ್ಲಿ ಸರಕನ್ನು ತಂಪಿನಿಂದಲೇ ಕಾಪಾಡಬೇಕಾಗುತ್ತದೆ. ಬೇಕಾದಾಗ ತಂಪನ್ನೂ ಬೇಕಾದಾಗ ಬೆಚ್ಚನೆಯನ್ನೂ ಕೊಡುವ ಯಂತ್ರಕ್ಕೆ ಅವರು 1950ರಲ್ಲಿ ಪೇಟೆಂಟು ಪಡೆದರು. ಅವರ ಅರುವತ್ತಕ್ಕೂ ಹೆಚ್ಚು ಪೇಟೆಂಟುಗಳಲ್ಲಿ ಸುಮಾರು ನಾಲ್ವತ್ತು ಶೈತ್ಯಕ್ಕೇ ಸಂಬಂಧಿಸಿದವು.

ನ್ಯೂಮೆರೊ ತನ್ನ ಹಳೆಯ ವ್ಯಾಪಾರವನ್ನು ಮಾರಿ, 1938ರಲ್ಲಿ ಜೋನ್ಸರೊಡನೆ ಈ ಯಂತ್ರಗಳಿಗಾಗಿಯೇ ಒಂದು ಕಂಪನಿಯನ್ನು ತೆರೆದನು. ಅದೇ ಮುಂದೆ 'ಥರ್ಮೊ ಕಿಂಗ್' ಎಂದು ಪ್ರಸಿದ್ಧವಾಯಿತು. ಜೋನ್ಸರು ಅದರ ಉಪಾಧ್ಯಕ್ಷರಾದರು. 1949ರ ಹೊತ್ತಿಗೆ ಅದು 30 ಲಕ್ಷ ಡಾಲರುಗಳ ಉದ್ಯಮವಾಗಿದ್ದಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ರಕ್ತ, ಔಷಧ, ಆಹಾರಗಳನ್ನು ಕೆಡದಂತೆ ರಣರಂಗದ ಆಸ್ಪತ್ರೆಗಳಿಗೆ ಒಯ್ಯಲು ಅವರ ಯಂತ್ರಗಳು ಬಳಕೆಯಾದುವು. ಲಾರಿಯಿಂದ ರೈಲಿಗೆ, ರೈಲಿನಿಂದ ಹಡಗಿಗೆ ಯಂತ್ರವು ಹರಡಿತು. ಒಂದು ಸೀಮೆಯ ಹಣ್ಣು ಇನ್ನೊಂದು ಸೀಮೆಯ ಸಂತೆಯಲ್ಲಿ ಕೆಡದೆ ದೊರೆಯುವಂತಾಯಿತು. ಮಕ್ಕಳಿಗೆ ಕೊಡುವ ಲಸಿಕೆಗಳಲ್ಲಿ ಹೆಚ್ಚಿನವನ್ನು ತಯಾರಾದಲ್ಲಿಂದ ತೋಳಿಗೆ ಸೇರುವವರೆಗೆ 2ರಿಂದ 8 ಡಿಗ್ರಿ ಸೆಂಟಿಗ್ರೇಡಿನೊಳಗೆ ಇಡಬೇಕೆಂಬುದನ್ನು ನೆನೆದರೆ, ಓಡುವ ಶೈತ್ಯದ ಮಹತ್ವವು ಬರಿಯ ಹಣ್ಣುಹಂಪಲಿಗೆ ಮುಗಿಯುವುದಿಲ್ಲವೆಂಬುದು ವಿದಿತವಾಗುವುದು. ಪ್ರತಿಯೊಂದು ಉಪಕಾರಕ್ಕೂ ಒಂದು ಬೆಲೆಯಿರುವುದು ಲೋಕರೂಢಿ. ಆ ಕಾಲದ ಶೈತ್ಯಯಂತ್ರಗಳಲ್ಲಿ ಬಹುವಾಗಿ ಬಳಕೆಯಲ್ಲಿದ್ದ ಫ್ರಿಯಾನ್ ಎಂಬ ಅನಿಲವು ಆಕಾಶದ ಓಜೋನ್ ಪದರವನ್ನು ತಿನ್ನುತ್ತದೆಂದು ಅನಂತರ ತಿಳಿದುಬಂದು, 1987ರ ಮಾಂಟ್ರಿಯಲ್ ಒಪ್ಪಂದದಿಂದ ಅಂಥ ಅನಿಲಗಳ ಬಳಕೆಯನ್ನು ಹಂತಹಂತವಾಗಿ ನಿಲ್ಲಿಸಬೇಕಾಯಿತು.

ಇಷ್ಟೆಲ್ಲ ಸಾಧಿಸಿದವರು ಯಾವ ದೇಶಸ್ಥಿತಿಯಲ್ಲಿ ಬಾಳಿದರೆಂಬುದನ್ನು ಹೇಳದೆ ಬಿಟ್ಟರೆ ಈ ಚರಿತ್ರೆ ಅರ್ಧವಾದೀತು. ಜೋನ್ಸರಿಗೆ ಮೂರು ವರ್ಷವಾಗಿದ್ದಾಗ, 1896ರಲ್ಲಿ, ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಕರಿಯರಿಗೂ ಬಿಳಿಯರಿಗೂ ಬೇರೆ ಬೇರೆ ರೈಲುಡಬ್ಬಿಗಳಿರುವುದು ಸಮಾನತೆಗೆ ವಿರುದ್ಧವಲ್ಲವೆಂದು ತೀರ್ಪಿತ್ತಿದ್ದಿತು. ಆ ತೀರ್ಪಿನ ನೆರಳಿನಲ್ಲಿ ಬೇರೆ ಶಾಲೆ, ಬೇರೆ ಆಸನ, ಬೇರೆ ಊಟದ ಮನೆಗಳು ಬಹಳೆಡೆಗಳಲ್ಲಿ ರೂಢಿಯಾದುವು. ನಮ್ಮ ನಾಡಿನ ಪಂಕ್ತಿಭೇದವನ್ನೂ ಬಾವಿಕಟ್ಟೆಯ ಭೇದವನ್ನೂ ಬಲ್ಲ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೋನ್ಸರು ಫ್ರಾನ್ಸಿನಲ್ಲಿ ಸೇವೆ ಸಲ್ಲಿಸಿದ ಸೈನ್ಯದಲ್ಲಿ ಕರಿಯರ ದಳಗಳೇ ಬೇರೆಯಾಗಿದ್ದುವು. ಅವರ ಯಂತ್ರಗಳು ಎರಡನೆಯ ಯುದ್ಧದಲ್ಲಿ ರಕ್ತವನ್ನು ಕಾಪಾಡಿ ಒಯ್ದಾಗಲೂ ಆ ಸೈನ್ಯವು ಹಾಗೆಯೇ ಇದ್ದಿತು. 1948ರಲ್ಲಿ ಅಧ್ಯಕ್ಷ ಟ್ರೂಮನ್ನರ ಆಜ್ಞೆಯಾದ ಮೇಲೆಯೇ ಆ ಭೇದವು ಸೈನ್ಯದಿಂದ ತೊಲಗತೊಡಗಿತು. ಶಾಲೆಗಳಲ್ಲಿನ ಭೇದವು ನ್ಯಾಯಬಾಹಿರವೆಂಬ ತೀರ್ಪು ಬಂದದ್ದು 1954ರಲ್ಲಿ. ಹೋಟೆಲು, ಊಟದ ಮನೆ, ಉದ್ಯೋಗಗಳಲ್ಲಿ ಭೇದವನ್ನು ನಿಷೇಧಿಸಿದ ಕಾನೂನು ಆದದ್ದು 1964ರಲ್ಲಿ. ಜೋನ್ಸರು 1961ರ ಫೆಬ್ರವರಿ 21ರಂದೇ ಮಿನಿಯಾಪೊಲಿಸಿನಲ್ಲಿ ತೀರಿಕೊಂಡಿದ್ದರು. ಯಾವ ಯಾವ ಊಟದ ಮನೆಗಳ ಅಡುಗೆಗೆ ಅವರ ಯಂತ್ರದ ತಂಪಿನಲ್ಲಿ ಸಾಮಗ್ರಿಗಳು ಬರುತ್ತಿದ್ದುವೋ, ಅವುಗಳಲ್ಲಿ ಕೆಲವು ಅವರಿಗೆ ಬಾಗಿಲು ತೆರೆಯದಿದ್ದ ಕಾಲದಲ್ಲಿಯೇ ಅವರ ಆಯುಸ್ಸು ಮುಗಿಯಿತು.

ಆದರೂ ವಿದ್ವಾಂಸರ ವಲಯವು ಅವರನ್ನು ಬದುಕಿದ್ದಾಗಲೇ ಗುರುತಿಸಿತು. 1944ರಲ್ಲಿ ಅಮೆರಿಕದ ಶೈತ್ಯ ಎಂಜಿನಿಯರುಗಳ ಸಂಘವು ಅವರನ್ನು ಸದಸ್ಯರನ್ನಾಗಿ ಆರಿಸಿತು. ಅವರ ಜನಾಂಗದಲ್ಲಿ ಆ ಗೌರವ ಪಡೆದವರಲ್ಲಿ ಅವರೇ ಮೊದಲಿಗರು. ಕಾಲೇಜಿನ ಮುಖ ಕಾಣದವರನ್ನು ಪದವೀಧರರ ಸಂಘವು ತನ್ನ ಸಾಲಿನಲ್ಲಿ ಕೂರಿಸಿಕೊಂಡಿತು. ಬಳಿಕ ಸರಕಾರದ ರಕ್ಷಣಾ ಇಲಾಖೆಯೂ ಅವರ ಸಲಹೆಯನ್ನು ಪಡೆಯಿತು. 1991ರಲ್ಲಿ ಅಧ್ಯಕ್ಷ ಜಾರ್ಜ್ ಬುಷ್ ಅವರು ಜೋನ್ಸರಿಗೂ ನ್ಯೂಮೆರೊನಿಗೂ ಮರಣೋತ್ತರವಾಗಿ ರಾಷ್ಟ್ರೀಯ ತಂತ್ರಜ್ಞಾನ ಪದಕವನ್ನು ನೀಡಿದರು. ಶ್ವೇತಭವನದ ಉದ್ಯಾನದಲ್ಲಿ ಆ ಪದಕಗಳನ್ನು ಇಬ್ಬರ ವಿಧವೆಯರು ಸ್ವೀಕರಿಸಿದರು.

ಇನ್ನು ಆ ತಂದೆಯವರ ಪ್ರಶ್ನೆ. ತಮ್ಮ ಉತ್ತರಕಾಲದಲ್ಲಿ ತರುಣರಿಗೆ ಬುದ್ಧಿಮಾತು ಹೇಳುವ ಪ್ರಸಂಗ ಬಂದಾಗ ಜೋನ್ಸರು ಮೂರು ಮಾತು ಹೇಳಿದ್ದುಂಟು: ಕೈ ಕೊಳೆಯಾಗುವುದಕ್ಕೆ ಅಂಜಬೇಡಿ ಎಂಬುದು ಒಂದು, ಓದಿ, ಪುಸ್ತಕ ಕೊಳ್ಳಲಾಗದಿದ್ದರೆ ಪುಸ್ತಕಾಲಯಕ್ಕೆ ಹೋಗಿ ಓದಿ, ಬೇರೆಯವರು ಕಂಡುಕೊಂಡದ್ದನ್ನು ತಿಳಿದುಕೊಳ್ಳಿ ಎಂಬುದು ಇನ್ನೊಂದು, ನಿಮ್ಮಲ್ಲಿ ನಿಮಗೆ ನಂಬಿಕೆಯಿರಲಿ ಎಂಬುದು ಮೂರನೆಯದು. ಮೊದಲನೆಯ ಮಾತನ್ನು ತಂದೆಯವರೂ ಎರಡನೆಯದನ್ನು ನಾವೂ ಹಿಡಿದುಕೊಂಡು ಅರ್ಧ ಗಂಟೆ ವಾದಿಸಿದೆವು. ಹುಡುಗನ ಕೈಯನ್ನು ನಮ್ಮ ಶಾಲೆಯು ಈವರೆಗೆ ಒಮ್ಮೆಯೂ ಕೊಳೆಯಾಗಗೊಟ್ಟಿಲ್ಲವೆಂಬ ಅವರ ಆಕ್ಷೇಪಕ್ಕೆ ನಾವು ತಲೆಬಾಗಬೇಕಾಯಿತು. ಎರಡು ವರ್ಷದ ವಿಜ್ಞಾನ ಪಾಠದಲ್ಲಿ ಅವನು ಕಂಪ್ರೆಸರಿನ ಚಿತ್ರವನ್ನು ನಾಲ್ಕು ಸಲ ಬರೆದಿದ್ದನು. ಒಂದನ್ನಾದರೂ ಕಣ್ಣಾರೆ ಕಂಡಿರಲಿಲ್ಲ.

ಟಿ.ಸಿ. ಅರ್ಜಿಯನ್ನು ಅವರು ಹಿಂದಕ್ಕೆ ತೆಗೆದುಕೊಂಡರು. ಹುಡುಗನು ಈಗ ಹತ್ತನೆಯ ತರಗತಿಯಲ್ಲಿದ್ದಾನೆ. ಗಣಿತದಲ್ಲಿ ಇನ್ನೂ ತಡವರಿಸುತ್ತಾನೆಂಬುದನ್ನು ಮರೆಮಾಚುವುದಿಲ್ಲ. ಗುಜರಿ ಅಂಗಡಿಯವರೊಬ್ಬರು ದಾನವಾಗಿ ಕೊಟ್ಟ ಹಳೆಯ ಫ್ರಿಜ್ಜಿನ ಖಾಲಿ ಕಂಪ್ರೆಸರನ್ನು ವಿಜ್ಞಾನದ ಅಧ್ಯಾಪಕರೂ ಅವನೂ ಸೇರಿ ಗರಗಸದಿಂದ ಕೊಯ್ದು, ಒಳಭಾಗಗಳಿಗೆಲ್ಲ ಕನ್ನಡದಲ್ಲಿ ಹೆಸರಿನ ಚೀಟಿ ಅಂಟಿಸಿ, ಪ್ರಯೋಗಶಾಲೆಯ ಕಿಟಕಿಯ ಬಳಿಯ ಮೇಜಿನ ಮೇಲೆ ಇಟ್ಟಿದ್ದಾರೆ. ಎರಡು ಭಾಗಗಳಿಗೆ ಒಪ್ಪುವ ಹೆಸರು ಇನ್ನೂ ಸಿಕ್ಕದೆ ಚೀಟಿಗಳು ಖಾಲಿಯಾಗಿಯೇ ಇವೆ. ಶನಿವಾರ ಮಧ್ಯಾಹ್ನ ಕೊಠಡಿ ತೆರೆದಿರುತ್ತದೆ, ಪೋಷಕರೂ ಬರಬಹುದು. ಕೈ ತೊಳೆಯಲು ಸಾಬೂನು ಇರಿಸಿದೆ.